ಎರಡು ಸಾವಿರ ಪೌಂಡಿನ ಲ್ಯಾಪ್‌ಟಾಪ್: ದುಡ್ಡು ಹೋಗುವುದೆಲ್ಲಿಗೆ?

ಗಂಡ ಅಥವಾ ಹೆಂಡತಿ ಒಬ್ಬರದು ಆಫೀಸ್ ಕೆಲಸ. ಇನ್ನೊಬ್ಬರು ನಾಮಕರಣ, ಮೊದಲ ಹುಟ್ಟುಹಬ್ಬ, ಕನ್ನಡ ಸಂಘದ ಯುಗಾದಿ ಕಾರ್ಯಕ್ರಮಗಳ ಫೋಟೋ, ವೀಡಿಯೋ ತೆಗೆದು ಸಣ್ಣದಾಗಿ ಸಂಪಾದನೆ ಶುರು ಮಾಡಿದ್ದಾರೆ. ಹಳೆಯ ಲ್ಯಾಪ್‌ಟಾಪ್ ಈಗ ಏದುಸಿರು ಬಿಡುತ್ತಿದೆ. ಎಜ್‌ವೇರ್‌ನಲ್ಲಿ ನಾರ್ದರ್ನ್ ಲೈನ್ ಹತ್ತಿದರೆ ನಾಲ್ಕನೇ ನಿಲ್ದಾಣ ಬ್ರೆಂಟ್ ಕ್ರಾಸ್. ಅಲ್ಲಿನ ಮಾಲ್‌ನಲ್ಲಿ ಆಪಲ್ ಅಂಗಡಿಯೂ ಇದೆ, ಜಾನ್ ಲೂಯಿಸ್ ಕೂಡ ಇದೆ. ಹೋಗಿ ಕೊಂಡು ತರುವುದು ಅರ್ಧ ದಿನದ ಕೆಲಸ. ಆದರೆ ಎಷ್ಟಕ್ಕೆ ಕೊಳ್ಳಬೇಕು ಎಂಬುದನ್ನು ಮನೆಯಲ್ಲೇ ಕೂತು ತೀರ್ಮಾನಿಸುವುದು ಒಳ್ಳೆಯದು.

ಉದಾಹರಣೆಗೆ 2024ರ ಅಕ್ಟೋಬರ್‌ನಲ್ಲಿ ಬಂದ 14 ಇಂಚಿನ ಮ್ಯಾಕ್‌ಬುಕ್ ಪ್ರೊ ತೆಗೆದುಕೊಳ್ಳೋಣ. ಬಿಡುಗಡೆಯಾದಾಗ ಎಂ4 ಮಾದರಿಗೆ 1,599 ಪೌಂಡ್, ಎಂ4 ಪ್ರೊಗೆ 1,999, ಎಂ4 ಮ್ಯಾಕ್ಸ್‌ಗೆ 3,199. ಹೊಸ ಪೀಳಿಗೆ ಬಂದಾಗ ಸಂಖ್ಯೆಗಳನ್ನು ಬದಲಿಸಿಕೊಳ್ಳಿ, ಲೆಕ್ಕ ಹಾಕುವ ಕ್ರಮ ಅದೇ.

ಮೊದಲು: ನಿಮ್ಮ ಕೆಲಸ ಎಲ್ಲಿ ನಿಲ್ಲುತ್ತಿದೆ?

ಹಳೆಯ ಯಂತ್ರದಲ್ಲೇ ಒಂದು ವಾರ ಗಮನಿಸಿ. ಮ್ಯಾಕ್‌ನಲ್ಲಿ ಆಕ್ಟಿವಿಟಿ ಮಾನಿಟರ್, ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಕೆಲಸ ಮಾಡಿ. ಮೆಮೊರಿ ತುಂಬಿ ಹೋಗುತ್ತಿದ್ದರೆ ವೇಗದ ಪ್ರೊಸೆಸರ್ ಕೊಂಡರೂ ಪ್ರಯೋಜನ ಕಡಿಮೆ. ಫೋಟೋ ಕೆಲಸಕ್ಕೆ ಮೆಮೊರಿ ಮತ್ತು ಒಳ್ಳೆಯ ಪರದೆ ಮುಖ್ಯ. ವೀಡಿಯೋಗೆ ಕ್ಯಾಮೆರಾದ ಫೈಲನ್ನು ಬಿಡಿಸಿ ಓದುವ ಮೀಡಿಯಾ ಎಂಜಿನ್ ಮುಖ್ಯ. 3ಡಿ ಕೆಲಸಕ್ಕೆ ಗ್ರಾಫಿಕ್ಸ್ ಮೆಮೊರಿ ಮುಖ್ಯ.

ಆಮೇಲೆ ಸೇರಿಸಲಾಗದ್ದಕ್ಕೆ ದುಡ್ಡು ಹಾಕಿ

ಮ್ಯಾಕ್‌ಬುಕ್‌ನ ಮೆಮೊರಿಯನ್ನು ಕೊಂಡ ಮೇಲೆ ಹೆಚ್ಚಿಸುವಂತಿಲ್ಲ. ಸ್ಟೋರೇಜ್ ಸಾಲದಿದ್ದರೆ ಹೊರಗಿನ ಎಸ್‌ಎಸ್‌ಡಿ ಜೋಡಿಸಬಹುದು. ಆಪಲ್ ಆ ಮಾದರಿಯಲ್ಲಿ 16 ಜಿಬಿಯಿಂದ 24 ಜಿಬಿ ಮೆಮೊರಿಗೆ ಏರಲು 200 ಪೌಂಡ್ ಕೇಳುತ್ತಿತ್ತು, 512 ಜಿಬಿ ಸ್ಟೋರೇಜ್‌ನಿಂದ 1 ಟಿಬಿಗೆ ಏರಲೂ 200. ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡಿದ್ದರೆ ಮೆಮೊರಿಗೆ ಕೊಡಿ.

ಈಗ ಮೆಟ್ಟಿಲು ನೋಡಿ. 1,599ರ ಎಂ4ಗೆ 24 ಜಿಬಿ ಹಾಕಿಸಿದರೆ 1,799 ಆಗುತ್ತದೆ. 1,999ರ ಎಂ4 ಪ್ರೊನಲ್ಲಿ 24 ಜಿಬಿ ಮೊದಲೇ ಇದೆ. ಅಂದರೆ ನಿಜವಾದ ವ್ಯತ್ಯಾಸ 400 ಅಲ್ಲ, 200. ಆ 200ಕ್ಕೆ ದೊಡ್ಡ ಪ್ರೊಸೆಸರ್ ಬರುತ್ತದೆ, ಮೆಮೊರಿಯ ವೇಗ ಸೆಕೆಂಡಿಗೆ 120 ಜಿಬಿಯಿಂದ 273 ಜಿಬಿಗೆ ಏರುತ್ತದೆ. ವೀಡಿಯೋ ಮಾಡುವವರಿಗೆ ಈ ಮೆಟ್ಟಿಲು ಲಾಭ. ಅಲ್ಲಿಂದ ಮ್ಯಾಕ್ಸ್‌ಗೆ ಇನ್ನೂ 1,200 ಪೌಂಡ್. ಬರುವುದು 36 ಜಿಬಿ ಮೆಮೊರಿ, 1 ಟಿಬಿ ಸ್ಟೋರೇಜ್, ಹೆಚ್ಚು ಗ್ರಾಫಿಕ್ಸ್ ಶಕ್ತಿ. ತಿಂಗಳಿಗೆ ಎರಡು ಕಾರ್ಯಕ್ರಮ ಮಾಡುವವರಿಗೆ ಇದು ಮೂಗಿಗಿಂತ ಮೂಗುತಿ ಭಾರ.

ವಿಂಡೋಸ್ ಕಡೆಯ ಸಣ್ಣ ಅಕ್ಷರಗಳು

ಇಲ್ಲಿ ಹೆಸರು ನೋಡಿ ಕೊಳ್ಳಬೇಡಿ. ಲ್ಯಾಪ್‌ಟಾಪ್‌ನ ಆರ್‌ಟಿಎಕ್ಸ್ 4060 ಚಿಪ್ ತಯಾರಕರು ಕೊಟ್ಟಷ್ಟು ವಿದ್ಯುತ್ತಿನಲ್ಲಿ, 35ರಿಂದ 115 ವ್ಯಾಟ್ ಒಳಗೆ, ಓಡುತ್ತದೆ. ಒಂದೇ ಹೆಸರಿನ ಎರಡು ಲ್ಯಾಪ್‌ಟಾಪ್‌ಗಳ ನಡುವೆ ಅಜಗಜಾಂತರ ಇರಬಹುದು. 4060 ಮತ್ತು 4070 ಎರಡರಲ್ಲೂ ಗ್ರಾಫಿಕ್ಸ್ ಮೆಮೊರಿ 8 ಜಿಬಿ ಮಾತ್ರ. 3ಡಿ ದೃಶ್ಯ ಅಷ್ಟರಲ್ಲಿ ಹಿಡಿಸದಿದ್ದರೆ 4070ಕ್ಕೆ ಹೆಚ್ಚು ಕೊಟ್ಟದ್ದು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ನಿಮ್ಮ ಕ್ಯಾಮೆರಾ 10-ಬಿಟ್ 4:2:2 ಎಚ್‌ಇವಿಸಿ ವೀಡಿಯೋ ಕೊಡುತ್ತಿದ್ದರೆ ಇನ್ನೊಂದು ಸಂಗತಿ: ಆರ್‌ಟಿಎಕ್ಸ್ 40 ಸರಣಿ ಅದನ್ನು ಹಾರ್ಡ್‌ವೇರ್‌ನಲ್ಲಿ ಓದುವುದಿಲ್ಲ, 50 ಸರಣಿ ಓದುತ್ತದೆ. ಇಂಟೆಲ್‌ನ ಇತ್ತೀಚಿನ ಪ್ರೊಸೆಸರ್‌ಗಳೂ, ಆಪಲ್‌ನ ಎಂ ಚಿಪ್‌ಗಳೂ ಓದುತ್ತವೆ.

ಕನ್ನಡದ ಆಹ್ವಾನ ಪತ್ರಿಕೆ, ಸ್ಮರಣ ಸಂಚಿಕೆ ಮಾಡುವವರು ನೆನಪಿಡಿ: ನುಡಿ, ಶ್ರೀಲಿಪಿಗಳನ್ನು ಬಳಸುವವರು ಹೆಚ್ಚಾಗಿ ವಿಂಡೋಸ್‌ನಲ್ಲೇ ಇದ್ದಾರೆ. ಊರಿನ ಮುದ್ರಣಾಲಯ ಯೂನಿಕೋಡ್ ಅಲ್ಲದ ಫೈಲ್ ಕೇಳಿದರೆ ಮ್ಯಾಕ್ ಕೊಂಡು ಪರದಾಡುವಂತಾಗಬಹುದು.

'ಟ್ಯಾಕ್ಸ್‌ನಲ್ಲಿ ಬರುತ್ತೆ ಬಿಡಿ' ಎನ್ನುವ ಮುನ್ನ

ಮೊದಲ ಪ್ರಶ್ನೆ ವೀಸಾದ್ದು. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಇರುವವರು ಸ್ವಯಂ ಉದ್ಯೋಗಕ್ಕೆ ತಮಗೆ ಅನುಮತಿ ಇದೆಯೇ ಎಂದು ವೀಸಾ ಷರತ್ತುಗಳಲ್ಲಿ ಮೊದಲು ಖಚಿತಪಡಿಸಿಕೊಳ್ಳಬೇಕು. ಅವರ ಡಿಪೆಂಡೆಂಟ್ ಸಂಗಾತಿಗೆ ಇದೆ. ಹಾಗಾಗಿ ವ್ಯವಹಾರ ಯಾರ ಹೆಸರಿನಲ್ಲಿದೆ ಎಂಬುದು ಕಾಗದದ ಮೇಲಷ್ಟೇ ಅಲ್ಲ, ನಿಜವಾಗಿಯೂ ಸರಿ ಇರಬೇಕು.

ಈಗ ಲೆಕ್ಕ. ಶೇ 40ರ ತೆರಿಗೆ ಹಂತದಲ್ಲಿರುವ, ಪಿಆರ್ ಸಿಕ್ಕಿರುವ ಒಬ್ಬರಿಗೆ ಫೋಟೋಗ್ರಫಿಯಿಂದ ವರ್ಷಕ್ಕೆ 3,000 ಪೌಂಡ್ ಬರುತ್ತದೆ ಎಂದಿಟ್ಟುಕೊಳ್ಳಿ. 1,000 ಪೌಂಡ್‌ಗಳ ಟ್ರೇಡಿಂಗ್ ಅಲೋವೆನ್ಸ್ ಎಲ್ಲರಿಗೂ ಇದೆ. ಅದನ್ನು ಬಳಸಿದರೆ ಉಳಿದ 2,000ಕ್ಕೆ ತೆರಿಗೆ 800. ಅದರ ಬದಲು 1,999ರ ಲ್ಯಾಪ್‌ಟಾಪ್ ಖರ್ಚು ತೋರಿಸಿದರೆ? ಶೇ 70 ವ್ಯಾಪಾರಕ್ಕೆ, ಶೇ 30 ಮನೆಗೆ ಬಳಸಿದರೆ ಖರ್ಚು ಸುಮಾರು 1,399. ಉಳಿದ 1,601ಕ್ಕೆ ತೆರಿಗೆ 640. ಅಲೋವೆನ್ಸ್ ಮತ್ತು ಖರ್ಚು ಎರಡನ್ನೂ ಒಟ್ಟಿಗೆ ಪಡೆಯುವಂತಿಲ್ಲ. ಹಾಗಾಗಿ ಲ್ಯಾಪ್‌ಟಾಪ್‌ನಿಂದ ಉಳಿದದ್ದು 800 ಅಲ್ಲ, ಬರೀ 160 ಪೌಂಡ್. ಸಾಫ್ಟ್‌ವೇರ್ ಚಂದಾ, ವ್ಯಾಪಾರದ ಓಡಾಟದಂಥ ಬೇರೆ ಖರ್ಚೂ ಇದ್ದರೆ ಉಳಿತಾಯ ಹೆಚ್ಚುತ್ತದೆ.

ಅದೇ ಆದಾಯ ಬೇರೆ ಗಳಿಕೆ ಇಲ್ಲದ ಸಂಗಾತಿಯದಾದರೆ? 12,570 ಪೌಂಡ್‌ವರೆಗೆ ತೆರಿಗೆಯೇ ಇಲ್ಲ. ತೆರಿಗೆ ಇಲ್ಲದ ಮೇಲೆ ಉಳಿತಾಯವೂ ಸೊನ್ನೆ.

ಊರಿನ ಬೆಲೆ, ಇಲ್ಲಿನ ಬೆಲೆ

ಇಲ್ಲಿನ ಬೆಲೆಯಲ್ಲಿ ಶೇ 20 ವ್ಯಾಟ್ ಸೇರಿದೆ. ಹೀಥ್ರೂನಲ್ಲಿ ಅದನ್ನು ವಾಪಸ್ ಪಡೆಯುವ ವ್ಯವಸ್ಥೆ 2020ರ ಕೊನೆಗೇ ನಿಂತಿದೆ. ತಮ್ಮನಿಗೆ ಕೊಂಡು ಹೋಗುವುದಾದರೆ, 18 ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ಭಾರತಕ್ಕೆ ಒಯ್ಯಬಹುದು, ಆದರೆ ಲಾಭವಿದೆಯೇ ನೋಡಿ. ಎಂ4 ಪ್ರೊ ಬೆಂಗಳೂರಿನಲ್ಲಿ ಬಿಡುಗಡೆಯಾದ ಬೆಲೆ 1,99,900 ರೂಪಾಯಿ. ಪೌಂಡಿಗೆ 110 ರೂಪಾಯಿ ಹಿಡಿದರೆ ಇಲ್ಲಿನ 1,999 ಪೌಂಡ್ ಸುಮಾರು 2.2 ಲಕ್ಷ. ಹಾಗೆಂದು ಅಲ್ಲಿ ಕೊಂಡು ಇಲ್ಲಿಗೆ ತಂದರೆ, 390 ಪೌಂಡ್ ಮೀರಿದ ವಸ್ತುವನ್ನು ಘೋಷಿಸಿ ಪೂರ್ತಿ ಬೆಲೆಗೆ ವ್ಯಾಟ್ ಕಟ್ಟಬೇಕು.

ಕೆಟ್ಟರೆ ಯಾರು ಹೊಣೆ?

2015ರ ಗ್ರಾಹಕ ಹಕ್ಕುಗಳ ಕಾಯ್ದೆಯಂತೆ ಹೊಣೆ ಅಂಗಡಿಯವರದು. ದೋಷವಿದ್ದರೆ 30 ದಿನದೊಳಗೆ ಹಿಂತಿರುಗಿಸಿ ಹಣ ಕೇಳಬಹುದು. ಮೊದಲ ಆರು ತಿಂಗಳಲ್ಲಿ ದೋಷ ಕಂಡರೆ, ಅದು ಕೊಂಡಾಗ ಇರಲಿಲ್ಲ ಎಂದು ಸಾಬೀತು ಮಾಡಬೇಕಾದವರು ಅವರೇ. ಒಂದು ಸೂಕ್ಷ್ಮ: ಮುಖ್ಯವಾಗಿ ವ್ಯಾಪಾರಕ್ಕೆಂದು ಕೊಂಡವರು ಈ ಕಾಯ್ದೆಯಲ್ಲಿ ಗ್ರಾಹಕರಲ್ಲ. ತೆರಿಗೆಗೆ ಶೇ 70 ವ್ಯಾಪಾರ ಎಂದು ಬರೆದು, ಅಂಗಡಿಯಲ್ಲಿ ಗ್ರಾಹಕ ಹಕ್ಕು ಕೇಳುವುದು ಕಷ್ಟ. 160 ಪೌಂಡ್ ಉಳಿತಾಯದ ಎದುರು ಇದನ್ನೂ ತೂಗಿ ನೋಡಿ.

ಜಾನ್ ಲೂಯಿಸ್‌ನಲ್ಲಿ ಲ್ಯಾಪ್‌ಟಾಪ್‌ಗೆ ಎರಡು ವರ್ಷದ ಗ್ಯಾರಂಟಿ ಬೆಲೆಯೊಳಗೇ ಬರುತ್ತದೆ. ಆಪಲ್ ವಾರಂಟಿ ಒಂದು ವರ್ಷ. ಬೆಲೆ ಒಂದೇ ಆಗಿದ್ದರೆ ಆ ಹೆಚ್ಚಿನ ವರ್ಷಕ್ಕೂ ಬೆಲೆಯಿದೆ.

ಕೊನೆಗೆ ವರ್ಷದ ಲೆಕ್ಕ

ಕೊಂಡ ಬೆಲೆಯಿಂದ ಮಾರುವ ಬೆಲೆ ಕಳೆದು, ಬಳಸುವ ವರ್ಷಗಳಿಂದ ಭಾಗಿಸಿ. ಮಾರುವ ಬೆಲೆಗಳು ಇಲ್ಲಿ ನನ್ನ ಊಹೆ.

- 1,599ಕ್ಕೆ ಕೊಂಡು ನಾಲ್ಕು ವರ್ಷದ ನಂತರ 400ಕ್ಕೆ ಮಾರಿದರೆ: ವರ್ಷಕ್ಕೆ ಸುಮಾರು 300.
- 1,999ಕ್ಕೆ ಕೊಂಡು ಐದು ವರ್ಷದ ನಂತರ 500ಕ್ಕೆ ಮಾರಿದರೆ: ಅದೂ ಸುಮಾರು 300.
- 3,199ಕ್ಕೆ ಕೊಂಡು ಐದು ವರ್ಷದ ನಂತರ 900ಕ್ಕೆ ಮಾರಿದರೆ: ಸುಮಾರು 460.

ಹೆಚ್ಚು ಮೆಮೊರಿಯ ಯಂತ್ರ ಒಂದು ವರ್ಷ ಹೆಚ್ಚು ಬಾಳಿದರೆ, ಮೊದಲೆರಡರ ಖರ್ಚು ಸಮ. ಮೂರನೆಯದಕ್ಕೆ ವರ್ಷಕ್ಕೆ 160 ಹೆಚ್ಚು. ನಿಮ್ಮ ಒಂದು ಗಂಟೆಗೆ 20 ಪೌಂಡ್ ಸಿಗುತ್ತದೆ ಎಂದಾದರೆ ಅದು ವರ್ಷಕ್ಕೆ ಎಂಟು ಗಂಟೆ ಉಳಿಸಬೇಕು. ವೀಡಿಯೋವನ್ನು ರಾತ್ರಿ ಎಕ್ಸ್‌ಪೋರ್ಟ್‌ಗೆ ಹಾಕಿ ಮಲಗುವವರಿಗೆ ಅದು ಹತ್ತು ನಿಮಿಷಕ್ಕೆ ಮುಗಿದರೂ ಒಂದೇ, ನಲವತ್ತಕ್ಕೆ ಮುಗಿದರೂ ಒಂದೇ. ಗಿರಾಕಿ ಪಕ್ಕದಲ್ಲಿ ಕಾಯುತ್ತಿರುವಾಗ ಉಳಿಯುವ ನಿಮಿಷಕ್ಕೆ ಮಾತ್ರ ಬೆಲೆ.

ನಿಮ್ಮ ವರ್ಷದ ಆದಾಯ, ವರ್ಷದ ಖರ್ಚು, ಕೆಲಸ ನಿಲ್ಲುವ ಜಾಗ, ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಬ್ರೆಂಟ್ ಕ್ರಾಸ್‌ಗೆ ಹೋಗಿ. ಅಂಗಡಿಯವರು ದೊಡ್ಡ ಮಾದರಿ ತೋರಿಸಿದಾಗ ಆ ಚೀಟಿಯನ್ನೊಮ್ಮೆ ನೋಡಿಕೊಳ್ಳಿ.