ಹರಾಜಿನಲ್ಲಿ ಹಳೇ ಪ್ರೆಸ್ಸು: ಬೆಲೆ ಕೂಗುವ ಮೊದಲು

ನಮ್ಮ ಮಾಮೂ ಕೋಲಾರ ಜಿಲ್ಲೆಯ ಒಂದು ಸಣ್ಣ ಊರಲ್ಲಿ ಪ್ರೆಸ್ಸು ನಡೆಸುತ್ತಾರೆ. ಮದುವೆ ಕಾರ್ಡು, ಬಿಲ್ ಬುಕ್ಕು, ಶಾಲೆಯ ಪ್ರಶ್ನೆಪತ್ರಿಕೆ, ರಂಜಾನ್ ಬಂದರೆ ಸಹರಿ-ಇಫ್ತಾರಿನ ವೇಳಾಪಟ್ಟಿ, ಇದೇ ಅವರ ಕೆಲಸ. ಒಂದು ದಿನ ವಾಟ್ಸಾಪಿಗೆ ಪತ್ರಿಕೆಯ ತುಂಡೊಂದರ ಫೋಟೋ ಕಳಿಸಿದರು. ಚೆನ್ನೈನ ಮಣಲಿ ಕಡೆ ಮುಚ್ಚಿಹೋದ ಪ್ಯಾಕೇಜಿಂಗ್ ಕಾರ್ಖಾನೆಯೊಂದರ ಯಂತ್ರಗಳು ಹರಾಜಿಗಿವೆ ಅಂತ ಇಂಗ್ಲಿಷಿನಲ್ಲಿ ನೋಟಿಸು. ಕೆಳಗೆ ಮಾಮೂ ಬರೆದಿದ್ದರು: "ಬೇಟಾ, ಇದನ್ನು ಸ್ವಲ್ಪ ಓದಿ ಹೇಳು."

ನಾನು ಶಾಲೆಯಲ್ಲಿ ಭಾಷೆ ಕಲಿಸುವವಳು. ಓದಿ ಹೇಳುವುದೇನು ಮಹಾ ಅಂದುಕೊಂಡೆ. ಎರಡು ಸಂಜೆ ಹಿಡಿಯಿತು. ಆಮೇಲೆ ಮಾಮೂ ಜೊತೆ ಮಣಲಿಗೂ ಹೋಗಿಬಂದೆ. ನಮ್ಮ ಸಮುದಾಯದಲ್ಲಿ ಸಣ್ಣ ಪ್ರೆಸ್ಸು, ಬೈಂಡಿಂಗ್ ಅಂಗಡಿ ನಂಬಿ ಬದುಕುವ ಮನೆಗಳು ಕಡಿಮೆಯೇನಿಲ್ಲ. ನಿಮ್ಮ ಮನೆಗೂ ಇಂಥದ್ದೊಂದು ನೋಟಿಸು ಬರಬಹುದು. ಅದಕ್ಕಾಗಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪದದಿಂದಲೇ ಶುರು ಮಾಡೋಣ. ಕನ್ನಡದ 'ಹರಾಜು' ಅರಬಿಯಿಂದ ಉರ್ದು ದಾಟಿ ನಮ್ಮಲ್ಲಿಗೆ ಬಂದ ಮಾತು. ಮನೆಯಲ್ಲಿ ನಾವು ಹೇಳುವ 'ನೀಲಾಮ್' ಪೋರ್ಚುಗೀಸರ ಬಾಯಿಂದ ಬಂದದ್ದು. ಚೆನ್ನೈನಲ್ಲಿ 'ಏಲಂ' ಅಂತಾರೆ. ಹೆಸರು ಮೂರಾದರೂ ವಿಷಯ ಒಂದೇ: ಹೆಚ್ಚು ಕೂಗಿದವನಿಗೆ ಮಾಲು. ಆದರೆ ಹೆಚ್ಚು ಕೂಗಿದವನಿಗೆ ಲಾಭವೂ ಸಿಗುತ್ತದೆ ಅಂತೇನಿಲ್ಲ.

ಕಾರ್ಖಾನೆ ಯಾಕೆ ಹರಾಜಿಗೆ ಬರುತ್ತದೆ?

ಕಂಪನಿಯೊಂದು ಸಾಲ ತೀರಿಸಲಾಗದೆ ಕೈಚೆಲ್ಲಿದಾಗ 2016ರ ದಿವಾಳಿ ಸಂಹಿತೆಯ ಪ್ರಕಾರ ಪ್ರಕರಣ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗುತ್ತದೆ. ಮೊದಲು ಕಂಪನಿಯನ್ನು ಉಳಿಸುವ ಪ್ರಯತ್ನ. ಆಗದಿದ್ದರೆ ಮಂಡಳಿ ಒಬ್ಬ ಲಿಕ್ವಿಡೇಟರನ್ನು ನೇಮಿಸುತ್ತದೆ. ಇದ್ದ ಆಸ್ತಿ ಮಾರಿ, ಬಂದ ದುಡ್ಡನ್ನು ಬಾಕಿ ಇರುವವರಿಗೆ ಹಂಚುವುದು ಅವರ ಕೆಲಸ. ಸಾಮಾನ್ಯವಾಗಿ ಮಾರಾಟ ಹರಾಜಿನಲ್ಲೇ, ಅದೂ ಈಗ ಆನ್‌ಲೈನಿನಲ್ಲಿ.

ಹಂಚುವುದಕ್ಕೆ ಒಂದು ಸಾಲು ಇದೆ. ಸಂಹಿತೆಯ 53ನೇ ಕಲಂ ಪ್ರಕಾರ ಮೊದಲು ಪ್ರಕ್ರಿಯೆಯ ಖರ್ಚು. ಅದರ ನಂತರ ಕಾರ್ಮಿಕರ ಹಿಂದಿನ 24 ತಿಂಗಳ ಬಾಕಿ, ಅದರ ಸರಿಸಮಾನವಾಗಿ ತಮ್ಮ ಅಡಮಾನ ಬಿಟ್ಟುಕೊಟ್ಟ ಬ್ಯಾಂಕುಗಳ ಬಾಕಿ. ಈ ಮಾತು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಬ್ಯಾಂಕುಗಳೇ 2002ರ ಸರ್ಫೇಸಿ ಕಾಯ್ದೆಯಡಿ ಮಾಡುವ ಹರಾಜು ಬೇರೆ, ಅದರ ನಿಯಮಗಳೂ ಬೇರೆ. ನೋಟಿಸಿನ ತಲೆಯಲ್ಲೇ ಯಾವ ಕಾಯ್ದೆ ಅಂತ ಬರೆದಿರುತ್ತದೆ. ಮೊದಲು ಅದನ್ನು ನೋಡಿ.

ನೋಟಿಸು ಓದುವುದು

ನೋಟಿಸಿನಲ್ಲಿ ಐದು ಸಂಗತಿ ಹುಡುಕಿ.

ಒಂದು, ಕನಿಷ್ಠ ಬೆಲೆ. ಅದಕ್ಕಿಂತ ಕೆಳಗೆ ಕೂಗುವ ಹಾಗಿಲ್ಲ. ಆ ಬೆಲೆಗೆ ಯಾರೂ ಬರದಿದ್ದರೆ ಮುಂದಿನ ಹರಾಜಿಗೆ ಅದನ್ನು ಶೇ. 25ರವರೆಗೆ ಇಳಿಸಲು ಅವಕಾಶವಿದೆ.

ಎರಡು, ಮುಂಗಡ ಠೇವಣಿ. ಇದು ಕನಿಷ್ಠ ಬೆಲೆಯ ಶೇ. 10 ಮೀರಬಾರದು. ಹರಾಜು ನಿಮಗಾಗದಿದ್ದರೆ ವಾಪಸ್ ಬರುತ್ತದೆ. ಗೆದ್ದು ಹಿಂದೆ ಸರಿದರೆ ಹೋಯಿತು.

ಮೂರು, ಉಳಿದ ಹಣ ಕಟ್ಟುವ ಗಡುವು. ಲಿಕ್ವಿಡೇಶನ್ ನಿಯಮಗಳಲ್ಲಿ 30 ದಿನ ಬಡ್ಡಿಯಿಲ್ಲದೆ, ಆಮೇಲೆ ಶೇ. 12 ಬಡ್ಡಿ, 90 ದಿನ ದಾಟಿದರೆ ಮಾರಾಟ ರದ್ದು ಅಂತಿದೆ. ಆದರೂ ನಿಮ್ಮ ಕೈಲಿರುವ ನೋಟಿಸಿನಲ್ಲಿ ಬರೆದ ದಿನಾಂಕವನ್ನೇ ಲೆಕ್ಕಕ್ಕೆ ಹಿಡಿಯಿರಿ. ಸಾಲ ಮಾಡಿ ಕೊಳ್ಳುವವರು ಸಾಲ ಮಂಜೂರಾದ ಮೇಲೆಯೇ ಠೇವಣಿ ಕಟ್ಟಬೇಕು.

ನಾಲ್ಕು, ನೀವು ಅನರ್ಹರಲ್ಲ ಅನ್ನುವ ಪ್ರಮಾಣಪತ್ರ. ಕಂಪನಿ ಮುಳುಗಿಸಿದ ಮಾಲೀಕರೇ ಹಿಂಬಾಗಿಲಿನಿಂದ ಬಂದು ಅಗ್ಗಕ್ಕೆ ಕೊಳ್ಳಬಾರದು ಅಂತ 29ಎ ಕಲಂ ಇದೆ. ಅದಕ್ಕೆ ಪ್ರತಿಯೊಬ್ಬರಿಂದಲೂ ಬರೆಸಿಕೊಳ್ಳುತ್ತಾರೆ.

ಐದನೆಯದೇ ಮುಖ್ಯ: 'ಇದ್ದಲ್ಲಿ, ಇದ್ದ ಹಾಗೆ' ಅನ್ನುವ ಷರತ್ತು. ಯಂತ್ರ ಓಡದಿದ್ದರೆ, ಬಿಡಿಭಾಗ ಕಳುವಾಗಿದ್ದರೆ, ಬಿಚ್ಚುವಾಗ ಮುರಿದರೆ ಮಾರುವವರು ಹೊಣೆಯಲ್ಲ. ಅಂಗಡಿಯಲ್ಲಿ ಕೊಂಡ ಮಿಕ್ಸಿ ಕೆಟ್ಟರೆ ವಾಪಸ್ ಕೊಡಬಹುದು, ಇಲ್ಲಿ ಆ ಮಾತೇ ಇಲ್ಲ. ಆದ್ದರಿಂದ ನೋಟಿಸಿನಲ್ಲಿ 'ಪರಿಶೀಲನೆ' ಅಂತ ಒಂದೆರಡು ದಿನ ಕೊಟ್ಟಿರುತ್ತಾರಲ್ಲ, ನಿಜವಾದ ಹರಾಜು ನಡೆಯುವುದು ಆವತ್ತೇ. ಕೊಳ್ಳಬೇಕೋ ಬೇಡವೋ, ಎಷ್ಟಕ್ಕೆ, ಎಲ್ಲವೂ ಅಲ್ಲೇ ತೀರ್ಮಾನವಾಗಬೇಕು. ಕಂಪ್ಯೂಟರ್ ಮುಂದೆ ಕೂತ ದಿನ ಉಳಿಯುವುದು ಬರೀ ಬಟನ್ ಒತ್ತುವ ಕೆಲಸ.

ಮಣಲಿಯಲ್ಲಿ ಕಂಡದ್ದು

ಮಣಲಿ ಉತ್ತರ ಚೆನ್ನೈನಲ್ಲಿದೆ. ತೈಲ ಶುದ್ಧೀಕರಣ ಘಟಕದ ಚಿಮಣಿ, ರಸಗೊಬ್ಬರ ಕಾರ್ಖಾನೆ, ರಸ್ತೆಯುದ್ದಕ್ಕೂ ಕಂಟೇನರ್ ಲಾರಿಗಳ ಸಾಲು. ಕಡಲು ಹತ್ತಿರ. ಗಾಳಿಯಲ್ಲಿ ಉಪ್ಪು, ಜೊತೆಗೆ ರಾಸಾಯನಿಕದ ವಾಸನೆ. ಇದನ್ನು ವರ್ಣನೆಗಾಗಿ ಹೇಳುತ್ತಿಲ್ಲ. ಇಂಥ ಗಾಳಿಯಲ್ಲಿ ಎರಡು ವರ್ಷ ಸುಮ್ಮನೆ ನಿಂತ ಯಂತ್ರದ ಉಕ್ಕಿನ ಸಿಲಿಂಡರು ತುಕ್ಕು ಹಿಡಿಯುತ್ತದೆ.

ಮಾಮೂ ಕಣ್ಣಿಟ್ಟಿದ್ದು ಒಂದು ಹೈಡೆಲ್‌ಬರ್ಗ್ ಜಿಟಿಒ 52 ಆಫ್‌ಸೆಟ್ ಯಂತ್ರದ ಮೇಲೆ. 36×52 ಸೆಂಟಿಮೀಟರ್ ಹಾಳೆ ಹಿಡಿಯುವ ಯಂತ್ರ, ಸಣ್ಣ ಊರಿನ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಉರ್ದು-ಕನ್ನಡ ಎರಡೂ ಅಚ್ಚು ಮಾಡುವವರಿಗೆ ಆಫ್‌ಸೆಟ್ಟೇ ಯಾಕೆ ಅಂತ ವಿದ್ಯಾರ್ಥಿಗಳು ಕೇಳಬಹುದು. ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ ಒಂದೊಂದು ಲಿಪಿಗೂ ಬೇರೆ ಮೊಳೆ ಬೇಕಿತ್ತು. ಉರ್ದುವಿನ ನಸ್ತಲೀಕ್ ಬರಹದಲ್ಲಿ ಅಕ್ಷರಗಳು ಒಂದರ ಮೇಲೊಂದು ಇಳಿಜಾರಾಗಿ ಕೂಡುವುದರಿಂದ ಮೊಳೆಗೆ ಒಗ್ಗುತ್ತಲೇ ಇರಲಿಲ್ಲ. ಹಾಗಾಗಿ ಉರ್ದು ಬಹುಕಾಲ ಕಲ್ಲಚ್ಚನ್ನೇ ನೆಚ್ಚಿಕೊಂಡಿತ್ತು. 1843ರಲ್ಲಿ ಮಂಗಳೂರಿನಿಂದ ಹೊರಟ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಕೂಡ ಕಲ್ಲಚ್ಚಿನದೇ. ಆಫ್‌ಸೆಟ್ ಅದೇ ಕಲ್ಲಚ್ಚಿನ ಮೊಮ್ಮಗು: ಪ್ಲೇಟಿನ ಮೇಲೆ ಏನಿದೆಯೋ ಅದೇ ಹಾಳೆಗೆ, ಲಿಪಿ ಯಾವುದಾದರೂ ಸರಿ. ಚೆನ್ನೈನ ತಿರುವಲ್ಲಿಕ್ಕೇಣಿಯಲ್ಲಿ 1927ರಲ್ಲಿ ಶುರುವಾದ 'ದಿ ಮುಸಲ್ಮಾನ್' ಉರ್ದು ದಿನಪತ್ರಿಕೆ ಕಾತಿಬರು ಕೈಯಲ್ಲಿ ಬರೆದ ಪುಟವನ್ನೇ ಪ್ಲೇಟಿಗಿಳಿಸಿ ಅಚ್ಚು ಮಾಡಿ ಹೆಸರಾಯಿತು.

ಈಗ ಪರಿಶೀಲನೆಗೆ ಬರೋಣ. ಮುಚ್ಚಿದ ಕಾರ್ಖಾನೆಯಲ್ಲಿ ಕರೆಂಟು ಇರುವುದಿಲ್ಲ, ಯಂತ್ರ ಓಡಿಸಿ ತೋರಿಸುವವರೂ ಇರುವುದಿಲ್ಲ. ಆದ್ದರಿಂದ ಪಳಗಿದ ಮೆಕ್ಯಾನಿಕ್ ಒಬ್ಬರನ್ನು ಕರಕೊಂಡು ಹೋಗಿ. ಅವರ ಒಂದು ದಿನದ ಕೂಲಿಗೆ ಜುಗ್ಗತನ ಮಾಡಬೇಡಿ. ಯಂತ್ರವನ್ನು ಕೈಯಿಂದ ನಿಧಾನಕ್ಕೆ ತಿರುಗಿಸಿ ನೋಡಬೇಕು. ಎಲ್ಲಾದರೂ ಬಿಗಿ ಹಿಡಿಯುತ್ತದೆಯೇ, ಗೇರುಗಳ ನಡುವೆ ಸಡಿಲ ಇದೆಯೇ? ಸಡಿಲ ಗೇರಿನ ಯಂತ್ರದಲ್ಲಿ ಅಕ್ಷರ ಎರಡೆರಡಾಗಿ ಮೂಡುತ್ತದೆ. ಟಾರ್ಚ್ ಹಿಡಿದು ಸಿಲಿಂಡರಿನ ಮೈ ಸವರಿ, ಗುಳಿಬಿದ್ದಿದ್ದರೆ ಅದರ ರಿಪೇರಿ ದುಬಾರಿ. ಹಾಳೆ ಹಿಡಿಯುವ ಗ್ರಿಪ್ಪರುಗಳು ಎಲ್ಲವೂ ಇವೆಯೇ? ರಬ್ಬರ್ ರೋಲರಿಗೆ ಉಗುರು ಒತ್ತಿ, ಕಲ್ಲಿನಂತಾಗಿದ್ದರೆ ಹೊಸದಕ್ಕೆ ದುಡ್ಡು ಎತ್ತಿಡಿ. ಕಂಟ್ರೋಲ್ ಪೆಟ್ಟಿಗೆ ತೆರೆಸಿ ನೋಡಿ. ಕಾವಲಿಲ್ಲದ ಕಡೆ ತಾಮ್ರದ ವೈರು, ಸರ್ಕ್ಯೂಟ್ ಬೋರ್ಡು ಮೊದಲು ಮಾಯವಾಗುತ್ತವೆ. ಎಷ್ಟು ಲಕ್ಷ ಹಾಳೆ ಓಡಿದೆ ಅಂತ ಹೇಳುವ ಮೀಟರನ್ನು ಕಣ್ಣುಮುಚ್ಚಿ ನಂಬಬೇಡಿ. ಯಂತ್ರದ ನಂಬರ್ ಪ್ಲೇಟಿನ ಫೋಟೋ ತೆಗೆದುಕೊಳ್ಳಿ, ಅದರಿಂದ ತಯಾರಾದ ವರ್ಷ ತಿಳಿಯುತ್ತದೆ.

ಪೇಪರ್ ಕಟಿಂಗ್ ಮೆಷಿನ್ನಾದರೆ ಇನ್ನೊಂದು ಪರೀಕ್ಷೆ ಕಡ್ಡಾಯ. ಎರಡೂ ಕೈಯಿಂದ ಎರಡು ಬಟನ್ ಒತ್ತಿದರೆ ಮಾತ್ರ ಬ್ಲೇಡು ಇಳಿಯಬೇಕು. ಬೇಗ ಕೆಲಸವಾಗಲಿ ಅಂತ ಒಂದು ಬಟನನ್ನು ವೈರು ಹಾಕಿ ಕಟ್ಟಿಟ್ಟಿರುತ್ತಾರೆ. ಅದನ್ನು ಸರಿಮಾಡಿಸದೆ ಒಬ್ಬ ಹುಡುಗನನ್ನೂ ಅದರ ಮುಂದೆ ನಿಲ್ಲಿಸಬೇಡಿ. ಹೋದ ಬೆರಳಿಗೆ ಯಾವ ಹರಾಜಿನಲ್ಲೂ ಬದಲಿ ಸಿಗುವುದಿಲ್ಲ.

ಲಾಟಿನ ಪಟ್ಟಿಯನ್ನೂ ಸಾಲು ಸಾಲಾಗಿ ಓದಿ. ಯಂತ್ರದ ಪಕ್ಕದಲ್ಲೇ ಇರುವ ಕಂಪ್ರೆಸರು, ಬಿಡಿ ರೋಲರು, ಟೂಲ್ ಬಾಕ್ಸು ಪಟ್ಟಿಯಲ್ಲಿಲ್ಲದಿದ್ದರೆ ನಿಮ್ಮದಲ್ಲ.

ಟೀ ಅಂಗಡಿಯ ಮಾತು

ಗೇಟಿನ ಎದುರು ಟೀ ಅಂಗಡಿ. ಅಲ್ಲಿ ಒಬ್ಬರು ಸಿಕ್ಕರು, ಅದೇ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಆಪರೇಟರ್ ಆಗಿದ್ದವರು. ಮಾಮೂಗೆ ಕೋಲಾರದ ತಮಿಳು ಬರುತ್ತದೆ, "ಅಣ್ಣಾ" ಅಂತ ಮಾತಿಗೆಳೆದರು. ಯಂತ್ರದ ನೀರು ಕೊಡುವ ಭಾಗ ಎಷ್ಟು ಸಲ ಕೈಕೊಟ್ಟಿತ್ತು, ಯಾವ ಬೇರಿಂಗ್ ಬದಲಾಗಿತ್ತು, ಎಲ್ಲ ಅವರೇ ಹೇಳಿದರು. ನಾವು ಬೆಳಿಗ್ಗೆಯಿಂದ ಟಾರ್ಚ್ ಹಿಡಿದು ಕಂಡುಹಿಡಿದದ್ದಕ್ಕಿಂತ ಅದು ಹೆಚ್ಚು. ಕೊನೆಗೆ ಅವರೇ ಕೇಳಿದರು: "ಇದು ಮಾರಾಟವಾದರೆ ನಮ್ಮ ಸಂಬಳ ಬರುತ್ತಾ ಸಾರ್?" ತಿಂಗಳುಗಳ ಬಾಕಿಯಂತೆ.

ಅದೇ ಸಂಜೆ ಇನ್ನೊಬ್ಬರು ಬಂದರು, ಗುಜರಿ ವ್ಯಾಪಾರಿ. ಮಾಮೂ ಪಕ್ಕ ಕೂತು ಮೆಲ್ಲಗೆ ಹೇಳಿದರು: "ನೀವು ಈ ಸಲ ಕೂಗಬೇಡಿ ಭಾಯಿ. ನಾವೂ ಯಾರೂ ಕೂಗಲ್ಲ. ಬೆಲೆ ಇಳಿಯುತ್ತೆ. ಆಮೇಲೆ ಒಬ್ಬರು ತಗೊಂಡು ನಿಮಗೂ ಒಂದು ಪಾಲು ಕೊಡ್ತೀವಿ."

ಇದು ಹರಾಜಿನ ಹಳೇ ರೋಗ. ಇದಕ್ಕೆ ತದ್ವಿರುದ್ಧವಾದದ್ದೂ ಇದೆ. ಕೊಳ್ಳುವ ಮನಸ್ಸಿಲ್ಲದೆ ಬರೀ ಬೆಲೆ ಏರಿಸಲು ಕೂಗುವುದು, ಅದಕ್ಕೆ ನಮ್ಮ ವ್ಯಾಪಾರ ನೀತಿಯಲ್ಲಿ 'ನಜ್ಶ್' ಅಂತ ಹೆಸರಿದೆ, ನಿಷಿದ್ಧ. ಹರಾಜು ನಿಷಿದ್ಧವಲ್ಲ, ಹರಾಜಿನಲ್ಲಿ ಮೋಸ ನಿಷಿದ್ಧ. ಒಳಒಪ್ಪಂದ ಮಾಡಿ ಬೆಲೆ ಇಳಿಸಿದರೆ ಮೋಸ ಹೋಗುವವರು ಯಾರು? 53ನೇ ಕಲಮಿನ ಸಾಲು ನೆನಪಿಸಿಕೊಳ್ಳಿ. ಆ ಸಾಲಿನಲ್ಲಿ ಟೀ ಅಂಗಡಿಯ ಅಣ್ಣನೂ ನಿಂತಿದ್ದಾರೆ. ಮಾಮೂ ಕಾನೂನು ಓದಿದವರಲ್ಲ. ಆದರೆ ತಲೆಯಾಡಿಸಿ ಎದ್ದರು: "ಆ ಮನುಷ್ಯನ ಸಂಬಳ ಈ ಮೆಷಿನ್ನಿನಲ್ಲಿದೆ. ಅದರಲ್ಲಿ ನನಗೆ ಪಾಲು ಬೇಡ."

ಲೆಕ್ಕದ ಚೀಟಿ

ಆ ರಾತ್ರಿ ಕೂತು ಲೆಕ್ಕ ಹಾಕಿದೆವು. ನೀವೂ ಹೀಗೇ ಹಾಕಿ. ಉದಾಹರಣೆಗೆ 4,00,000ಕ್ಕೆ ಕೂಗಿದಿರಿ ಅಂತಿಟ್ಟುಕೊಳ್ಳಿ. ಶೇ. 18 ಜಿಎಸ್‌ಟಿ 72,000. ಬಿಚ್ಚುವ ಕೂಲಿ, ಕ್ರೇನು 45,000. ಲಾರಿ 30,000. ಊರಲ್ಲಿ ಕಾಂಕ್ರೀಟ್ ನೆಲ, ತ್ರೀ-ಫೇಸ್ ಕರೆಂಟು 25,000. ರೋಲರು, ಬ್ಲಾಂಕೆಟ್ಟು, ಬಿಡಿಭಾಗ 80,000. ಒಟ್ಟು 6,52,000. ಅಂದರೆ ನಾಲ್ಕು ಲಕ್ಷದ ಯಂತ್ರ ಮನೆಯಲ್ಲಿ ಮೊದಲ ಹಾಳೆ ಅಚ್ಚು ಮಾಡುವ ಹೊತ್ತಿಗೆ ಆರೂವರೆ ಲಕ್ಷ. ಈ ಅಂಕಿಗಳು ನಿಮ್ಮ ಊರು, ನಿಮ್ಮ ಯಂತ್ರಕ್ಕೆ ತಕ್ಕಂತೆ ಬದಲಾಗುತ್ತವೆ, ಸಾಲುಗಳು ಬದಲಾಗುವುದಿಲ್ಲ. ಜಿಎಸ್‌ಟಿ ನೋಂದಣಿ ಇದ್ದವರಿಗೆ ತೆರಿಗೆ ಮುಂದೆ ಹೊಂದಾಣಿಕೆಯಾಗಬಹುದು, ಕಾಂಪೋಸಿಷನ್ ಯೋಜನೆಯಲ್ಲಿದ್ದರೆ ಇಲ್ಲ.

ಈ ಲೆಕ್ಕವನ್ನು ತಿರುಗಾ ಹಾಕಿ. ಕೈಯಲ್ಲಿರುವ ಒಟ್ಟು ಹಣದಿಂದ ಖರ್ಚುಗಳನ್ನೆಲ್ಲ ಕಳೆದು, ಉಳಿದದ್ದರಲ್ಲಿ ತೆರಿಗೆಗೂ ಜಾಗ ಬಿಟ್ಟರೆ ಸಿಗುವುದೇ ನಿಮ್ಮ ಕೊನೆಯ ಕೂಗು. ಮಾಮೂ ಆ ಅಂಕಿಯನ್ನು ಚೀಟಿಯಲ್ಲಿ ಬರೆದು ಜೇಬಿಗಿಟ್ಟುಕೊಂಡರು.

ಆನ್‌ಲೈನ್ ಹರಾಜಿನಲ್ಲಿ ಸಾಮಾನ್ಯವಾಗಿ ಕೊನೆಯ ಐದು ನಿಮಿಷದಲ್ಲಿ ಯಾರಾದರೂ ಕೂಗಿದರೆ ಸಮಯ ಮತ್ತೆ ಐದು ನಿಮಿಷ ಮುಂದೆ ಹೋಗುತ್ತದೆ. ಮನಸ್ಸು ಜಾರುವುದು ಆವಾಗಲೇ. "ಇನ್ನೊಂದೇ ಹತ್ತು ಸಾವಿರ" ಅನ್ನಿಸುತ್ತದೆ. ಆವತ್ತು ಬೆಲೆ ಚೀಟಿಯ ಅಂಕಿ ದಾಟಿತು. ಮಾಮೂ ನನ್ನ ಕೈ ಮೇಲೆ ಕೈಯಿಟ್ಟು "ಬಸ್" ಅಂದರು. ಜಿಟಿಒ ಬೇರೆಯವರ ಪಾಲಾಯಿತು. ಠೇವಣಿ ವಾಪಸ್ ಬಂತು. ಮರುಲಾಟಿನಲ್ಲಿದ್ದ ಕಟಿಂಗ್ ಮೆಷಿನ್ ನಮಗಾಯಿತು, ಅದೂ ಚೀಟಿಯ ಒಳಗೆ.

ಕಂಟೇನರ್ ಯಾರ್ಡಿನ ಹರಾಜು

ಮಣಲಿ, ಮಣಲಿ ಪುದುನಗರದ ಸುತ್ತ ಕಂಟೇನರ್ ಯಾರ್ಡುಗಳಿವೆ. ವಿದೇಶದಿಂದ ಬಂದ ಮಾಲನ್ನು 30 ದಿನದೊಳಗೆ ಬಿಡಿಸಿಕೊಳ್ಳದಿದ್ದರೆ, 1962ರ ಕಸ್ಟಮ್ಸ್ ಕಾಯ್ದೆಯ 48ನೇ ಕಲಂ ಪ್ರಕಾರ ಆಮದುದಾರರಿಗೆ ನೋಟಿಸು ಕೊಟ್ಟು, ಕಸ್ಟಮ್ಸ್ ಅನುಮತಿ ಪಡೆದು ಮಾರಬಹುದು. ಅಲ್ಲೂ ಹಳೇ ಮುದ್ರಣ ಯಂತ್ರ ಸಿಗಬಹುದು. ಆದರೆ ಹಳೇ ಝೆರಾಕ್ಸ್ ಯಂತ್ರ, ಡಿಜಿಟಲ್ ಪ್ರಿಂಟ್-ಕಾಪಿ ಯಂತ್ರಗಳ ಆಮದಿಗೆ ಸರ್ಕಾರದ ನಿರ್ಬಂಧವಿದೆ. ಯಾರಾದರೂ "ಪೋರ್ಟ್ ಮಾಲು, ಅಗ್ಗ" ಅಂತ ಅಂಥದ್ದನ್ನು ಕಾಗದವಿಲ್ಲದೆ ಕೊಟ್ಟರೆ ಮುಟ್ಟಬೇಡಿ.

ಊರಿಗೆ ತಂದ ಮೇಲೆ

ಸಾಗಿಸುವ ಗಡುವು ಮೀರಿದರೆ ಜಾಗದ ಬಾಡಿಗೆ ಹಾಕುತ್ತಾರೆ, ಲಾರಿ ಮೊದಲೇ ಗೊತ್ತು ಮಾಡಿ. ರಾಜ್ಯ ದಾಟುವ ಮಾಲು 50,000 ರೂಪಾಯಿ ಮೀರಿದರೆ ಇ-ವೇ ಬಿಲ್ ಬೇಕು. ಮಾರಾಟದ ಪ್ರಮಾಣಪತ್ರ, ಬಿಲ್ಲು ಜೋಪಾನ ಮಾಡಿ, ನಾಳೆ ನೀವು ಮಾರುವಾಗ ಅದೇ ಆಧಾರ. ನಿಯತಕಾಲಿಕ ಅಚ್ಚು ಮಾಡುವ ಯೋಚನೆ ಇದ್ದರೆ, 2024ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಹೊಸ ಪತ್ರಿಕಾ ನೋಂದಣಿ ಕಾಯ್ದೆಯಡಿ ಮುದ್ರಕರು ಆನ್‌ಲೈನಿನಲ್ಲಿ ಮಾಹಿತಿ ಸಲ್ಲಿಸಬೇಕು.

ಕಟಿಂಗ್ ಮೆಷಿನ್ ಈಗ ಮಾಮೂ ಅಂಗಡಿಯಲ್ಲಿದೆ. ಬಂದ ವಾರವೇ ಅದರ ಎರಡನೇ ಬಟನ್ ಸರಿಮಾಡಿಸಿದರು. ಆಫ್‌ಸೆಟ್ ಇನ್ನೂ ಸಿಕ್ಕಿಲ್ಲ. ಮೊನ್ನೆ ಮತ್ತೊಂದು ನೋಟಿಸು ಕಳಿಸಿದ್ದಾರೆ. ಈ ಸಲ ಮೊದಲು ನೋಡಿದ್ದು ಕನಿಷ್ಠ ಬೆಲೆಯನ್ನಲ್ಲ, ಪರಿಶೀಲನೆ ಯಾವ ದಿನ ಅಂತ.