ಕೋವಿಯ ಕಡಾಣಿ

ಸೆಪ್ಟೆಂಬರ್ ಬಂತೆಂದರೆ ಬೆಂಗಳೂರಿನ ಜಯನಗರ, ಜೆ.ಪಿ. ನಗರದ ಕೊಡವ ಮನೆಗಳಲ್ಲಿ ಕೊಡಗಿನ ಊರಿಗೆ ಹೊರಡುವ ಗಡಿಬಿಡಿ. ಗದ್ದೆ ನಾಟಿ ಮುಗಿದ ಮೇಲೆ, 3ನೇ ತಾರೀಖಿನ ಆಸುಪಾಸಿಗೆ ಬರುವ ಹಬ್ಬ ಕೈಲ್ ಪೊಳ್ದ್. ಅಂದು ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ದೀಪದ ಮುಂದೆ ಒಡಿಕತ್ತಿ, ಪೀಚೆಕತ್ತಿ, ಕೋವಿಗಳನ್ನು ಇಟ್ಟು, ಕೆಂಪು ಹಳದಿಯ ತೋಕ್ ಪೂ ಸಿಕ್ಕಿಸಿ ಪೂಜಿಸುತ್ತಾರೆ. ಕೊಡವ ತಕ್ಕ್‌ನಲ್ಲಿ ತೋಕ್ ಎಂದರೆ ಕೋವಿ. ಹೂವಿಗೂ ಅದೇ ಹೆಸರು.

ಕೆಲವು ಮನೆಗಳಲ್ಲಿ ತೋಟಾ ಕೋವಿಗಳ ಪಕ್ಕ ಅಜ್ಜನ ಕಾಲದ ಕೇಪಿನ ಕೋವಿಯೂ ಇರುತ್ತದೆ. ನಳಿಗೆಯ ಬಾಯಿಂದ ಮದ್ದು, ಗುಂಡು ತುಂಬಿ ಗಜದಿಂದ ಜಡಿಯುವ ಜಾತಿಯದು. ನೋಡುವವರ ಕಣ್ಣು ಕುದುರೆಯ ಮೇಲೆ, ಹಿಡಿಯ ಕೆತ್ತನೆಯ ಮೇಲೆ ಹೋಗುತ್ತದೆ. ನಾನು ಮಾತ್ರ ಮರದ ಪಕ್ಕೆಯನ್ನು ನೋಡಿ ಎನ್ನುತ್ತೇನೆ. ಕೆಲವು ಕೋವಿಗಳಲ್ಲಿ ಅಲ್ಲಿ ಸಾಸಿವೆಗಿಂತ ಚೂರು ದೊಡ್ಡದಾದ ಎರಡು ಮೂರು ಕಬ್ಬಿಣದ ಚುಕ್ಕೆಗಳು ಕಾಣುತ್ತವೆ. ಅವು ಅಡ್ಡ ಆಣಿಗಳ ತುದಿಗಳು. ಗಾಡಿಯ ಚಕ್ರಕ್ಕೆ ಕಡಾಣಿ ಹೇಗೋ, ಈ ಕೋವಿಯ ನಳಿಗೆಗೆ ಇವು ಹಾಗೆ.

ನಳಿಗೆಯ ಹಿಂತುದಿಯನ್ನು ಒಂದು ತಿರುಪು ಮರಕ್ಕೆ ಬಿಗಿಯುತ್ತದೆ. ಮುಂದಿನ ಉದ್ದಕ್ಕೆಲ್ಲ ಆಣಿಗಳದೇ ಹೊಣೆ. ನಳಿಗೆಯ ಅಡಿಯಲ್ಲಿ ಸಣ್ಣ ಲೋಹದ ಕಿವಿಗಳನ್ನು ಕೂರಿಸಿರುತ್ತಾರೆ. ಅವು ಮರದೊಳಗೆ ಇಳಿದ ಮೇಲೆ ಪಕ್ಕದಿಂದ ತೂತು ಕೊರೆದು ಆಣಿ ತೂರಿಸುತ್ತಾರೆ. ಆಣಿಯ ದಪ್ಪ ಸುಮಾರು 2 ಮಿಲಿಮೀಟರ್. ಮೇಲೆ ನಳಿಗೆ, ಕೆಳಗೆ ಗಜದ ಕಾಲುವೆ, ನಡುವೆ ಉಳಿಯುವುದು ತೆಳ್ಳನೆಯ ಮರ. ಕೂದಲೆಳೆಯಷ್ಟು ತಪ್ಪಿದರೂ ತೂತು ಕಿವಿಯ ಹೊರಗೆ ಹೋಗುತ್ತದೆ, ಇಲ್ಲವೇ ಗಜಕ್ಕೆ ಅಡ್ಡ ಬರುತ್ತದೆ.

ಬಲ್ಲವರ ಕೈಚಳಕ ಇನ್ನೊಂದು ಕಡೆ ಅಡಗಿದೆ. ಮರದಲ್ಲಿ ಆಣಿ ಬಿಗಿಯಾಗಿ ಕೂರಬೇಕು. ಆದರೆ ಕಿವಿಯ ತೂತನ್ನು ನಳಿಗೆಯ ಉದ್ದಕ್ಕೆ ತುಸು ಉಜ್ಜಿ ಹಿಗ್ಗಿಸಿರುತ್ತಾರೆ. ಆಷಾಢದಲ್ಲಿ ಜಯನಗರದ ಹಳೆಯ ಮನೆಗಳ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದನ್ನು ಕಂಡವರಿಗೆ ಕಾರಣ ಹೇಳಬೇಕಿಲ್ಲ. ಮರ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ಕಬ್ಬಿಣ ಹಾಗಲ್ಲ. ಆ ಎಳ್ಳಷ್ಟು ಸಡಿಲ ಇಲ್ಲದಿದ್ದರೆ ಮರ ಸೀಳಬಹುದು, ನಳಿಗೆ ಸೆಟೆದು ಗುರಿ ತಪ್ಪಬಹುದು. ಕೊಡಗಿನಂಥ ಮಳೆನಾಡಿನಲ್ಲಿ ಇದು ಸಣ್ಣ ಮಾತಲ್ಲ.

1791ರಲ್ಲಿ ಬೆಂಗಳೂರು ಕೋಟೆಗೆ ಮುತ್ತಿಗೆ ಹಾಕಿದ ಈಸ್ಟ್ ಇಂಡಿಯಾ ಕಂಪನಿ ಸೈನ್ಯದ ಬ್ರೌನ್ ಬೆಸ್ ಕೋವಿಗಳ ನಳಿಗೆಯೂ ಆಣಿಗಳ ಮೇಲೇ ನಿಂತಿತ್ತು. ಫ್ರೆಂಚರು ಆಣಿ ಬಿಟ್ಟು ಬಳೆ ತೊಡಿಸಿದರು. ಬ್ರಿಟಿಷರ 1853ರ ಎನ್‌ಫೀಲ್ಡ್ ಕೋವಿಗೆ ಮೂರು ಬಳೆಗಳು. ಬೇಟೆ ಕೋವಿಗಳಲ್ಲಿ ಆಣಿಯ ಬದಲು ಚಪ್ಪಟೆ ಬೆಣೆ ಬಂತು, ಬೆಣೆ ಎಳೆದರೆ ನಳಿಗೆ ಸಲೀಸಾಗಿ ಕೈಗೆ ಬರುತ್ತದೆ. ಅನುಕೂಲ ಬಳೆ, ಬೆಣೆಗಳದ್ದು. ಅಂದದಲ್ಲಿ ಆಣಿಯನ್ನು ಮೀರಿಸಿದ್ದಿಲ್ಲ.

ಕೊಡವರಿಗೆ ಕೋವಿ ಬರೀ ಆಯುಧವಲ್ಲ. ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು, ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಈಡು. 1861ರ ಫೆಬ್ರವರಿಯಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಹೊರಡಿಸಿದ ಆದೇಶದಿಂದ ಕೋವಿ ಇಟ್ಟುಕೊಳ್ಳಲು ಸಿಕ್ಕ ವಿನಾಯಿತಿ ಇಂದಿಗೂ ಬೇರೆ ರೂಪದಲ್ಲಿ ಮುಂದುವರಿದಿದೆ. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೆಲವು ಬಗೆಯ ಕೋವಿಗಳಿಗೆ ಲೈಸೆನ್ಸ್ ಬೇಕಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು.

ಹಳೆಯ ಕೋವಿ ಕೆಡುವುದು ಬಳಕೆಯಿಂದಲ್ಲ, ಅಕ್ಕರೆಯ ಅವಸರದಿಂದ. ತೊಳೆಯಲೆಂದು ಪ್ರತಿ ಸಲ ಆಣಿ ಹೊಡೆದು ತೆಗೆದರೆ ತೂತಿನ ಸುತ್ತ ಮರ ಚಕ್ಕೆ ಏಳುತ್ತದೆ, ಆಣಿ ಸಡಿಲಾಗುತ್ತದೆ. ಸುಟ್ಟ ಕರಿಮದ್ದಿನ ಕಿಟ್ಟ ತೇವ ಹೀರಿ ತುಕ್ಕು ತರುವುದು ನಿಜ. ಅದನ್ನು ನಳಿಗೆ ಬಿಚ್ಚದೆಯೇ ತೊಳೆದು, ಒಣಗಿಸಿ, ಎಣ್ಣೆ ಸವರಬಹುದು. ಕೋವಿ ರಿಪೇರಿಯನ್ನು ಕಸುಬಾಗಿ ಮಾಡುವವರಿಗೆ ಸರ್ಕಾರದ ಪರವಾನಗಿ ಇರಲೇಬೇಕು. ಈ ಸಲ ಹಬ್ಬಕ್ಕೆ ಹೋದಾಗ ಅಜ್ಜನ ಕೋವಿಗೆ ಸುತ್ತಿಗೆ ತಾಕಿಸಬೇಡಿ. ಪರವಾನಗಿ ಇದ್ದವರಿಗೇ ತೋರಿಸಿ, ನಳಿಗೆಯೊಳಗೆ ಹಳೆಯ ಈಡು ಉಳಿದಿಲ್ಲವೆಂದು ಮೊದಲು ಅವರಿಂದಲೇ ಖಾತ್ರಿ ಮಾಡಿಸಿಕೊಳ್ಳಿ.