ಮನೆಯಲ್ಲೇ ಬಿಯರ್: ಅಗ್ಗವೋ, ದುಬಾರಿಯೋ?

"ಸಾರ್, ಬಿಯರ್‌ಗೆ ಸರ್ಕಾರ ತೆರಿಗೆ ಮೇಲೆ ತೆರಿಗೆ ಹಾಕ್ತಿದೆ. ಮನೆಯಲ್ಲೇ ಮಾಡ್ಕೊಂಡ್ರೆ ಅರ್ಧ ದುಡ್ಡು ಉಳಿಯತ್ತಲ್ವಾ?" ಉಡುಪಿ, ಮಣಿಪಾಲದ ಕಡೆಯ ಹುಡುಗರು ನನ್ನನ್ನು ಆಗಾಗ ಕೇಳುವ ಪ್ರಶ್ನೆ ಇದು. ಮೊಬೈಲ್‌ನಲ್ಲಿ ನೂರೆಂಟು ವಿಡಿಯೋ ಇವೆ. ಒಂದು ಬಕೆಟ್ಟು, ಒಂದು ಪಾತ್ರೆ, ಹದಿನೈದು ದಿನ, ಅಷ್ಟೇ ಅಂತ ಅದರಲ್ಲಿ ಹೇಳ್ತಾರೆ. ಕುಡಿಯಿರಿ ಅಂತ ನಾನು ಹೇಳುವವನಲ್ಲ. ಆದರೆ ಲೆಕ್ಕ ಕೇಳಿದವರಿಗೆ ಲೆಕ್ಕ ಕೊಡಲೇಬೇಕು.

ಪ್ರಶ್ನೆ ದಡ್ಡತನದ್ದೇನಲ್ಲ. ಮದ್ಯ ಜಿಎಸ್‌ಟಿಯ ಹೊರಗಿದೆ, ಅದರ ತೆರಿಗೆ ರಾಜ್ಯದ ಕೈಯಲ್ಲಿದೆ. 2023ರ ಜುಲೈ ಬಜೆಟ್‌ನಲ್ಲಿ ಕರ್ನಾಟಕ ಸರ್ಕಾರ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ. 175ರಿಂದ ಶೇ. 185ಕ್ಕೆ ಏರಿಸಿತು. ಅಂದರೆ ನೀವು ಬಾಟಲಿಗೆ ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಬಿಯರ್‌ಗಲ್ಲ, ಖಜಾನೆಗೆ. ಹಾಗಾದ್ರೆ ತೆರಿಗೆ ಕಳೆದರೆ ಅಗ್ಗ ಆಗಬೇಕಲ್ಲ? ಬನ್ನಿ, ನೋಡೋಣ.

ಬಿಯರ್ ಆಗೋದು ಹೇಗೆ? ನಮ್ಮ ಮನೆಗಳಲ್ಲಿ ರಾಗಿ ಮಾಲ್ಟ್ ಮಾಡೋದು ಗೊತ್ತಲ್ಲ? ರಾಗಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಬೀಸ್ತಾರೆ. ಬಾರ್ಲಿಗೂ ಹೀಗೇ ಮಾಡಿದರೆ ಅದು ಬಾರ್ಲಿ ಮಾಲ್ಟ್. ಅದನ್ನು ಒಡೆದು, ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿದರೆ ಕಾಳಿನೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಸೋಸಿ, ಕಹಿಗಾಗಿ ಹಾಪ್ಸ್ ಅನ್ನೋ ಬಳ್ಳಿಯ ಹೂ ಹಾಕಿ ಒಂದು ಗಂಟೆ ಕುದಿಸಬೇಕು. ಆಮೇಲೆ ಬೇಗ ತಣಿಸಿ ಯೀಸ್ಟ್ ಹಾಕಿ ಮುಚ್ಚಿಡಬೇಕು. ಯೀಸ್ಟ್ ಸಕ್ಕರೆ ತಿಂದು ಮದ್ಯಸಾರ ಮತ್ತು ಗ್ಯಾಸ್ ಬಿಡುತ್ತದೆ. ಇಷ್ಟೇ ವಿದ್ಯೆ.

ಈಗ ದುಡ್ಡಿನ ಮಾತು. 20 ಲೀಟರ್ ಬಿಯರ್ ಅಂದರೆ 650 ಎಂಎಲ್‌ನ ಸುಮಾರು 30 ಬಾಟಲಿ. ಇದಕ್ಕೆ 5 ಕಿಲೋ ಮಾಲ್ಟ್ ಬೇಕು. ಕಿಲೋಗೆ 150 ಅಂತಿಟ್ಟುಕೊಳ್ಳಿ, 750 ರೂಪಾಯಿ ಆಯ್ತು. ಹಾಪ್ಸ್ ನಮ್ಮ ಕಡೆ ಬೆಳೆಯಲ್ಲ. ಹಿಮಾಚಲದ ಲಾಹೌಲ್‌ನಂಥ ತಣ್ಣನೆಯ ಕಣಿವೆಯಲ್ಲಿ ಅಷ್ಟಿಷ್ಟು ಬೆಳೆದದ್ದುಂಟು, ಉಳಿದದ್ದು ಹೊರದೇಶದಿಂದ ಬರಬೇಕು. ಅದಕ್ಕೆ 400. ಯೀಸ್ಟ್ ಪ್ಯಾಕೆಟ್ಟಿಗೆ 500. ಗ್ಯಾಸು, ಬಾಟಲಿ ತೊಳೆಯುವ ಔಷಧಿಗೆ 300, ಕರೆಂಟಿಗೆ 200. ಒಟ್ಟು 2,150. ಬಾಟಲಿಗೆ ಸುಮಾರು 72 ರೂಪಾಯಿ. ಇವು ನಾನು ಲೆಕ್ಕಕ್ಕೆ ಹಿಡಿದ ಅಂದಾಜು ದರ, ನಿಮಗೆ ಸಿಕ್ಕ ದರ ಹಾಕ್ಕೊಳ್ಳಿ. ಲೆಕ್ಕದ ದಾರಿ ಮಾತ್ರ ಬದಲಾಗಲ್ಲ.

ವಿಡಿಯೋ ಮಾಡುವವರು ಇಲ್ಲಿಗೇ ನಿಲ್ಲಿಸ್ತಾರೆ. 72 ರೂಪಾಯಿ ನೋಡಿ ಹುಡುಗರು ಕುಣೀತಾರೆ. ಸ್ವಲ್ಪ ತಡೀರಿ ಮಾರಾಯ್ರೆ, ಪಾತ್ರೆ ಎಲ್ಲಿ?

ದೊಡ್ಡ ಸ್ಟೀಲ್ ಪಾತ್ರೆ 4,000. ಹುದುಗಲು ಇಡುವ ಡ್ರಮ್ಮು 1,500. ಉಷ್ಣಮಾಪಕ, ಸಾಂದ್ರತೆ ಅಳೆಯುವ ಕೊಳವೆ 1,500. ಪೈಪು, ಬಾಟಲಿಗೆ ಮುಚ್ಚಳ ಒತ್ತುವ ಸಾಧನ 2,000. ತಣಿಸಲು ತಾಮ್ರದ ಸುರುಳಿ 3,000. ಕೊನೆಗೆ ಒಂದು ಹಳೇ ಫ್ರಿಜ್ಜು, ಅದಕ್ಕೊಂದು ತಾಪ ನಿಯಂತ್ರಕ 8,000. ಒಟ್ಟು 20,000.

"ಫ್ರಿಜ್ ಯಾಕೆ?" ಅಂತ ಕೇಳ್ತೀರಿ. ಕರಾವಳಿಯ ಗುಟ್ಟು ಇರೋದೇ ಇಲ್ಲಿ. ಉಡುಪಿಯಲ್ಲಿ ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗ್ಗೆ ಪಾತ್ರೆಯಿಂದ ಉಕ್ಕಿರುತ್ತೆ. ಬೆಂಗಳೂರಿನ ಡಿಸೆಂಬರ್‌ನಲ್ಲಿ ಅದೇ ಹಿಟ್ಟು ಏಳೋದಿಲ್ಲ. ಸೆಕೆ ಹುದುಗನ್ನು ಓಡಿಸುತ್ತೆ. ದೋಸೆಗೆ ಅದು ವರ, ಬಿಯರ್‌ಗೆ ಶಾಪ. ಏಲ್ ಅನ್ನೋ ಬಗೆಯ ಬಿಯರ್ ಯೀಸ್ಟ್‌ಗಳಿಗೆ ಹೆಚ್ಚಾಗಿ 18ರಿಂದ 22 ಡಿಗ್ರಿ ಬೇಕು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗೋ ಲಾಗರ್ ಬಗೆಗೆ 8ರಿಂದ 13 ಸಾಕು. ಮೇ ತಿಂಗಳ ಕಾಪುವಿನಲ್ಲಿ ಕಡಲಗಾಳಿ ಬಂದರೂ ಮನೆಯೊಳಗೆ 30 ಡಿಗ್ರಿ ದಾಟಿರುತ್ತೆ. ಆ ಸೆಕೆಯಲ್ಲಿ ಯೀಸ್ಟ್ ಅವಸರಕ್ಕೆ ಬಿದ್ದರೆ ರುಚಿ ಕೆಡುತ್ತೆ, ವಾಸನೆ ಘಾಟಾಗುತ್ತೆ. ಲಾಗರ್ ಬಗೆಯ ಬಿಯರ್ ಹುಟ್ಟಿ ಬೆಳೆದದ್ದು ಚಳಿ ನಾಡಿನಲ್ಲಿ. ಅಲ್ಲಿನವರಿಗೆ ತಂಪು ಪುಕ್ಕಟೆ ಸಿಗುತ್ತೆ. ನಾವು ಆ ತಂಪನ್ನು ಮೆಸ್ಕಾಂ ಬಿಲ್ಲು ಕಟ್ಟಿ ಕೊಳ್ಳಬೇಕು.

ನೀರಿನ ಕಥೆಯೂ ಇದೆ. ಬಿಯರ್‌ನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನೀರೇ. ಕಡಲ ಬದಿಯ ಬಾವಿಗಳಲ್ಲಿ ಬೇಸಿಗೆಯಲ್ಲಿ ಉಪ್ಪಿನಂಶ ಬಂದರೆ ಅದು ನೇರ ಗ್ಲಾಸಿಗೇ ಬರುತ್ತೆ. ತೊಳೆಯೋಕೆ, ತಣಿಸೋಕೆ ಬಿಯರ್‌ನ ಹಲವು ಪಟ್ಟು ನೀರು ಹರಿದುಹೋಗುತ್ತೆ. ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ನೀರು ತಳ ಕಂಡಾಗ ಉಡುಪಿ ನಗರದ ಪಾಡೇನು ಅಂತ ಅಲ್ಲಿನವರಿಗೆ ಗೊತ್ತು. ಮಳೆಗಾಲದಲ್ಲಿ ಇನ್ನೊಂದು ಕಷ್ಟ. ಕಾರ್ಕಳದಲ್ಲಿ ಡಬ್ಬಿಯೊಳಗಿನ ಹಪ್ಪಳವೇ ಮೆತ್ತಗಾಗುವಾಗ ಒಡೆದ ಮಾಲ್ಟ್ ಗರಿಗರಿಯಾಗಿ ಉಳಿಯುತ್ತಾ? ಬೂಸ್ಟು ಹಿಡಿದರೆ ತಿಪ್ಪೆಗೆ.

ಈಗ ಪೂರ್ತಿ ಲೆಕ್ಕ ಮಾಡೋಣ. ಹತ್ತು ಸಲ ಮಾಡಿದಿರಿ ಅಂತಿಟ್ಟುಕೊಳ್ಳಿ. ಸಾಮಗ್ರಿಗೆ 21,500, ಸಲಕರಣೆಗೆ 20,000, ಒಟ್ಟು 41,500. ಮುನ್ನೂರು ಬಾಟಲಿಗೆ ಹಂಚಿದರೆ ಒಂದಕ್ಕೆ 138. ಹತ್ತರಲ್ಲಿ ಎರಡು ಸಲ ಕೆಟ್ಟರೆ, ಉಳಿದ 240 ಬಾಟಲಿಗೆ 173. ಸಲಕ್ಕೆ ಎಂಟು ಗಂಟೆ ದುಡಿಮೆ, ಗಂಟೆಗೆ ನೂರೇ ರೂಪಾಯಿ ಹಿಡಿದರೂ 206. ತೆರಿಗೆ ಒಂದು ಪೈಸೆ ಕಟ್ಟದೆ ಇಷ್ಟು! ಬಾಟಲಿಗೆ ಸಕ್ಕರೆ ಚೂರು ಹೆಚ್ಚು ಬಿದ್ದರೆ ಗ್ಯಾಸ್ ತುಂಬಿ ಗಾಜು ಸಿಡಿಯುತ್ತೆ, ಆಸ್ಪತ್ರೆ ಖರ್ಚು ಬೇರೆ.

ಇದೇ ನೆಲದ ಕಳ್ಳನ್ನು ಪಕ್ಕದಲ್ಲಿಟ್ಟು ನೋಡಿ. ಪಿಷ್ಟವನ್ನು ಸಕ್ಕರೆ ಮಾಡುವ ಕೆಲಸವೇ ಇಲ್ಲ, ತೆಂಗು, ತಾಳೆ ಮರ ಕೊಡೋದೇ ಸಿಹಿ ರಸ. ಯೀಸ್ಟ್ ಕೊಳ್ಳೋದು ಬೇಡ, ಗಾಳಿಯಲ್ಲಿದೆ, ಮಡಕೆಯಲ್ಲಿದೆ. ಬಿಯರ್‌ಗೆ ವೈರಿಯಾದ ಸೆಕೆ ಇಲ್ಲಿ ಆಳಿನಂತೆ ದುಡಿಯುತ್ತೆ, ಕೆಲವೇ ಗಂಟೆಯಲ್ಲಿ ಹುದುಗು ಬರುತ್ತೆ. ಖರ್ಚೆಲ್ಲ ಇರೋದು ಮರ ಹತ್ತುವ ಮೂರ್ತೆದಾರನ ಮೈಯಲ್ಲಿ, ಅವನ ಜೀವದ ಅಪಾಯದಲ್ಲಿ. ಆ ಮೂರ್ತೆದಾರನೂ ಲೈಸೆನ್ಸ್ ಇಲ್ಲದೆ ಕಳ್ಳು ಇಳಿಸುವಂತಿಲ್ಲ.

ಹಾಗಾಗಿ ಈಗ ಎಲ್ಲಕ್ಕಿಂತ ದೊಡ್ಡ ಖರ್ಚಿಗೆ ಬರ್ತೀನಿ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಬಿಯರ್ ಕೂಡ ಮದ್ಯವೇ. "ನಾನು ಮಾರಲ್ಲ ಸಾರ್, ಹವ್ಯಾಸಕ್ಕೆ ಮಾಡೋದು" ಅನ್ನೋ ಮಾತಿಗೆ ಅಲ್ಲಿ ಜಾಗ ಇಲ್ಲ. ತಯಾರಿಸುವ ಉದ್ದೇಶದಿಂದ ಸಾಮಗ್ರಿ, ಪಾತ್ರೆ ಇಟ್ಟುಕೊಳ್ಳೋದೂ ತಪ್ಪೇ. ಶಿಕ್ಷೆಯಲ್ಲಿ ಜೈಲೂ ಇದೆ, ದಂಡವೂ ಇದೆ. ಮಣಿಪಾಲದ ಬಾಡಿಗೆ ರೂಮಿನಲ್ಲಿರುವ ಹುಡುಗನ ಹೆಸರಲ್ಲಿ ಒಂದು ಕೇಸು ದಾಖಲಾದರೆ, ನಾಳೆ ಪಾಸ್‌ಪೋರ್ಟು, ಕೆಲಸ, ವೀಸಾ ಅಂತ ಹೋದಾಗ ಅದು ಬೆನ್ನು ಹತ್ತುತ್ತೆ. ಆ ಖರ್ಚನ್ನು ಯಾವ ಬಾಟಲಿಗೆ ಹಂಚ್ತೀರಿ?

ಅಮೆರಿಕದಲ್ಲೂ ಮನೆ ಬಿಯರ್ ಬಹುಕಾಲ ಕಾನೂನುಬಾಹಿರವೇ ಆಗಿತ್ತು. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೆ, ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ತನಕ ಕೇಂದ್ರದ ತೆರಿಗೆ ಇಲ್ಲದೆ ಮಾಡಿಕೊಳ್ಳಲು ಅವಕಾಶವಾಯಿತು. ಮಾರುವಂತಿಲ್ಲ, ಅಷ್ಟೇ. ನಮ್ಮಲ್ಲಿ ಮದ್ಯ ರಾಜ್ಯಪಟ್ಟಿಯ ವಿಷಯ, ತೀರ್ಮಾನ ವಿಧಾನಸೌಧದ್ದು. ಬೆಂಗಳೂರಿನಲ್ಲಿ ಮೈಕ್ರೋಬ್ರೂವರಿಗಳಿಗೆ ಲೈಸೆನ್ಸ್ ಕೊಡುವ ಸರ್ಕಾರ ಹವ್ಯಾಸಿಗೂ ಒಂದು ಮಿತಿ, ಒಂದು ನೋಂದಣಿ ಇಡಬಹುದಲ್ಲ ಅಂತ ಕೇಳುವ ಹಕ್ಕು ನಿಮಗಿದೆ. ಕೇಳಿ, ನಿಮ್ಮ ಶಾಸಕರನ್ನೇ ಕೇಳಿ. ಕಳ್ಳಭಟ್ಟಿಯ ಹೆಸರಲ್ಲಿ ಮನೆಗಳೇ ಹಾಳಾದದ್ದನ್ನು ಕಂಡ ಹೆಣ್ಣುಮಕ್ಕಳು ಬೇಡ ಅಂತಾರೆ. ಅವರ ಮಾತಿಗೂ ತೂಕವಿದೆ, ಅದನ್ನೂ ಕೇಳಿಸಿಕೊಳ್ಳಿ.

ಅಲ್ಲಿಯವರೆಗೆ ನನ್ನ ಉತ್ತರ ಇಷ್ಟೇ. ದುಡ್ಡು ಉಳಿಸೋಕೆ ಅಂತ ಯಾರಾದರೂ ಮನೆಯಲ್ಲಿ ಬಿಯರ್ ಮಾಡಿ ಅಂದರೆ, ಅವರು ಫ್ರಿಜ್ಜಿನ ಲೆಕ್ಕವನ್ನೂ ಬಿಟ್ಟಿದ್ದಾರೆ, ಪೊಲೀಸಿನ ಲೆಕ್ಕವನ್ನೂ ಬಿಟ್ಟಿದ್ದಾರೆ.